ಒನಕೆಯ ಸಂದರ್ಭ

ಕನ್ನಡ ಪ್ರಶ್ನಪತ್ರಿಕೆಯ ಸ್ವರೂಪವು ಕಾಲಕಾಲಕ್ಕೆ ಎಷ್ಟೇ ಬದಲಾದರೂ ಎರಡು ಪ್ರಶ್ನೆಗಳು ಮಾತ್ರ ಅಚಲವಾಗಿ ನಿಂತಿವೆ. ಪಠ್ಯದಿಂದ ಒಂದು ಮಾತನ್ನು ಎತ್ತಿಕೊಟ್ಟು ಅದರ ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರೆಂಬುದು ಒಂದು. ಇಂಥವರ ಪಾತ್ರವನ್ನು ಚಿತ್ರಿಸಿರೆಂಬುದು ಮತ್ತೊಂದು. ಮೊದಲನೆಯದನ್ನು ಏರಲು ಆಯ್ಕೆ, ಸಂದರ್ಭ, ವಿವರಣೆ, ಸ್ವಾರಸ್ಯಗಳೆಂಬ ಮೆಟ್ಟಿಲುಗಳಿವೆ. ಎರಡನೆಯದಕ್ಕೆ ಶೌರ್ಯ, ತ್ಯಾಗ, ಸ್ವಾಮಿಭಕ್ತಿ, ಸಮಯಸ್ಫೂರ್ತಿ ಮೊದಲಾದ ಗುಣಗಳ ಪಟ್ಟಿಯಿದೆ. ಅಧ್ಯಾಪಕರು ಬರೆಸುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯ ದಿನ ಬರೆದುಕೊಂಡದ್ದನ್ನು ಹಿಂದಿರುಗಿಸಿ ಕೈತೊಳೆದುಕೊಳ್ಳುತ್ತಾರೆ.

ಈ ಪದ್ಧತಿಯನ್ನು ಹಗುರವಾಗಿ ಕಾಣುವುದು ಸಲ್ಲದು. ಅದರ ಬೇರು ಬಹು ಹಿಂದಕ್ಕೆ ಹೋಗುತ್ತದೆ. ಭರ್ತೃಹರಿಯು ವಾಕ್ಯಪದೀಯದಲ್ಲಿ ಶಬ್ದದ ಅರ್ಥವನ್ನು ನಿರ್ಣಯಿಸುವ ಸಾಧನಗಳನ್ನು ಎಣಿಸುವಾಗ ‘ಪ್ರಕರಣ’ವನ್ನೂ ಸೇರಿಸಿದ್ದಾನೆ. ಪ್ರಕರಣವೆಂದರೆ ಸಂದರ್ಭವೇ. ಇದಕ್ಕೆ ಪಾಠಶಾಲೆಗಳಲ್ಲಿ ಹೇಳುತ್ತ ಬಂದ ಉದಾಹರಣೆ ವಿದ್ವತ್ ಪರೀಕ್ಷೆಗೆ ಓದಿದವರಿಗೆಲ್ಲ ಕಂಠಸ್ಥ. ‘ಸೈಂಧವ’ವೆಂಬ ಶಬ್ದಕ್ಕೆ ಉಪ್ಪು, ಕುದುರೆ ಎಂದು ಎರಡರ್ಥಗಳು. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪನ್ನು ತರಬೇಕು. ಪಯಣಕ್ಕೆ ಹೊರಟು ನಿಂತವನು ಅದೇ ಮಾತನ್ನಾಡಿದರೆ ಕುದುರೆಯನ್ನು ತರಬೇಕು. ಸಂದರ್ಭವನ್ನರಿಯದ ಸೇವಕನು ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿಯಾನು!

ಚಿತ್ರದುರ್ಗದ ಬೆಟ್ಟದ ತಪ್ಪಲಿನ ಒಂದು ಪ್ರೌಢಶಾಲೆಯಲ್ಲಿ ಈ ಉದಾಹರಣೆಯನ್ನು ವರ್ಷವರ್ಷವೂ ತಪ್ಪದೆ ಹೇಳುತ್ತಿದ್ದ ಕನ್ನಡ ಪಂಡಿತರೊಬ್ಬರಿದ್ದರು. ಅವರಿಗೇ ಈ ಸೈಂಧವದ ನ್ಯಾಯವು ಒಮ್ಮೆ ಹಿಂದಿರುಗಿ ಬಂದು ತಟ್ಟಿದ ಪ್ರಸಂಗವು ಸಾಹಿತ್ಯಾಭ್ಯಾಸಿಗಳಿಗೆ ಮನನಯೋಗ್ಯವಾಗಿದೆ.

ಪಂಡಿತರ ಟಿಪ್ಪಣಿಗಳು ಆ ಶಾಲೆಯಲ್ಲಿ ಪ್ರಸಿದ್ಧವಾಗಿದ್ದವು. ಅಕ್ಷರ ಮುತ್ತಿನಂತೆ, ವಾಕ್ಯಗಳು ಅಳೆದು ತೂಗಿದಂತೆ. ವಿದ್ಯಾರ್ಥಿನಿಲಯದಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಿಂದ ಬಂದ ಮಕ್ಕಳು ಆ ಟಿಪ್ಪಣಿಗಳನ್ನು ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ದಾಟಿಸುತ್ತಿದ್ದರು. ಅವುಗಳಲ್ಲಿ ಅತ್ಯಂತ ಹೆಚ್ಚು ನಕಲಾದುದು ಒನಕೆ ಓಬವ್ವನ ಪಾತ್ರವನ್ನು ಕುರಿತದ್ದು. ದುರ್ಗದ ಮಕ್ಕಳಿಗೆ ಅದು ಪರೀಕ್ಷೆಗೆ ಮಾತ್ರವಲ್ಲದೆ ಭಾಷಣ ಸ್ಪರ್ಧೆಗೂ ಒದಗುತ್ತಿತ್ತು. 2021ರಿಂದ ನವೆಂಬರ್ 11ರಂದು ರಾಜ್ಯಸರ್ಕಾರವೇ ಓಬವ್ವ ಜಯಂತಿಯನ್ನು ಆಚರಿಸತೊಡಗಿದ ಮೇಲಂತೂ ಆ ಟಿಪ್ಪಣಿಗೆ ಬಿಡುವೇ ಇಲ್ಲದಾಯಿತು.

ಕಥೆಯು ಎಲ್ಲರಿಗೂ ತಿಳಿದದ್ದೇ. ಹೈದರಾಲಿಯ ಸೈನ್ಯವು ಕೋಟೆಯನ್ನು ಮುತ್ತಿದ್ದ ಕಾಲ. ಬಂಡೆಗಳ ನಡುವಿನ ಒಂದು ಕಿಂಡಿಯ ಸಮೀಪದಲ್ಲಿ ಕಾವಲಿದ್ದ ಕಹಳೆಯವನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದನು. ಅವನ ಹೆಂಡತಿ ಓಬವ್ವ ನೀರು ತರಲು ಹೋದಳು. ಕಿಂಡಿಯಲ್ಲಿ ಶತ್ರುಸೈನಿಕರು ನುಸುಳುತ್ತಿರುವುದು ಆಕೆಯ ಕಣ್ಣಿಗೆ ಬಿತ್ತು. ಮನೆಯ ಒನಕೆಯನ್ನು ಹಿಡಿದು ಬಂದು ಬಂಡೆಯ ಮರೆಯಲ್ಲಿ ನಿಂತು, ತಲೆಯೊಡ್ಡಿದವರನ್ನು ಒಬ್ಬೊಬ್ಬರನ್ನಾಗಿ ಬಡಿದು ಕೆಡವಿದಳು. ಊಟ ಮುಗಿಸಿ ಬಂದ ಗಂಡನು ಕಂಡು ಬೆರಗಾಗಿ ಕಹಳೆಯೂದಿದನು; ಕೋಟೆ ಆ ದಿನ ಉಳಿಯಿತು. ಓಬವ್ವ ಮಾತ್ರ ಉಳಿಯಲಿಲ್ಲ. ಆಕೆ ಅಳಿದ ಬಗೆಯನ್ನು ಹೇಳುವಲ್ಲಿ ಒಬ್ಬರ ಮಾತು ಮತ್ತೊಬ್ಬರದರಂತಿಲ್ಲ.

ಒಂದು ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಈ ಪಾತ್ರಚಿತ್ರಣವನ್ನೇ ಕೇಳಲಾಗಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಪಂಡಿತರು ಬರೆಸಿದ ನಾಲ್ಕು ಗುಣಗಳಲ್ಲಿ ಒಂದನ್ನೂ ಬರೆಯದೆ ಬೇರೆಯೇ ರೀತಿಯಲ್ಲಿ ಉತ್ತರಿಸಿದ್ದಳು. ಅವಳು ಹಿರಿಯೂರು ತಾಲ್ಲೂಕಿನ ಮೆಟ್ಟುಗಾಡಿನ ಹಳ್ಳಿಯವಳು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವು ಅದೇ ತಾಲ್ಲೂಕಿನಲ್ಲಿದ್ದರೂ ಅದರ ನಾಲೆಯ ನೀರು ಮುಟ್ಟದ ಹಳ್ಳಿಗಳು ಅಲ್ಲಿ ಹಲವು. ಅವಳ ಉತ್ತರ ಹೀಗಿತ್ತು:

“ಗಂಡ ಉಣ್ಣಲು ಬಂದಿದ್ದ. ಮನೆಯಲ್ಲಿ ಕುಡಿಯುವ ನೀರು ಇರಲಿಲ್ಲ. ಊಟಕ್ಕೆ ಇಟ್ಟ ಮೇಲೆ ನೀರಿಲ್ಲ ಎಂದು ಗೊತ್ತಾದರೆ ಯಾರಿಗಾದರೂ ನಾಚಿಕೆ. ಓಬವ್ವ ಕೊಡ ತೆಗೆದುಕೊಂಡು ಹೋದಳು. ಸೈನಿಕರನ್ನು ಕಂಡಾಗ ಕೊಡ ತುಂಬಿತ್ತೋ ಬರಿದಾಗಿತ್ತೋ ಪಾಠದಲ್ಲಿ ಹೇಳಿಲ್ಲ. ತುಂಬಿದ್ದರೆ ಅದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ಅವಳು ಮನೆಗೆ ಓಡಿ ಹೋದಳು. ಗಂಡನನ್ನು ಎಬ್ಬಿಸಲಿಲ್ಲ. ಉಣ್ಣುವವರನ್ನು ಎಬ್ಬಿಸಬಾರದು. ಒನಕೆ ಎಲ್ಲಿದೆ ಎಂದು ಹುಡುಕುವ ಹಾಗಿರಲಿಲ್ಲ, ದಿನಾ ಹಿಡಿಯುವುದು.”

ಪಂಡಿತರು ಕೆಂಪು ಶಾಯಿಯಲ್ಲಿ “ಗುಣಗಳನ್ನು ಬರೆದಿಲ್ಲ, ವಿಷಯಾಂತರ” ಎಂದು ಬರೆದು ನಾಲ್ಕಕ್ಕೆ ಒಂದು ಅಂಕವನ್ನು ಕೊಟ್ಟರು. ಉತ್ತರಪತ್ರಿಕೆಗಳನ್ನು ಹಂಚಿದ ದಿನ ಹುಡುಗಿ ಮೇಜಿನ ಬಳಿಗೆ ಬಂದಳು. ಅಂಕದ ಮಾತನ್ನೆತ್ತಲಿಲ್ಲ.

“ಗುರುಗಳೇ, ಕೊಡ ಎಲ್ಲಿ ಇಳಿಸಿದಳು ಅಂತ ನೀವು ಬರೆಸಿಲ್ಲ” ಎಂದಳು.

“ಅದು ಪರೀಕ್ಷೆಗೆ ಬರುವುದಿಲ್ಲಮ್ಮ” ಎಂದರು ಪಂಡಿತರು. ಅವಳು “ಆಯ್ತು ಗುರುಗಳೇ” ಎಂದು ತನ್ನ ಸ್ಥಳಕ್ಕೆ ಹೋಗಿ ಕುಳಿತಳು.

ಅಂದು ರಾತ್ರಿ ಪಂಡಿತರಿಗೆ ನಿದ್ರೆ ಸುಳಿಯಲಿಲ್ಲ. ಮಗು ಕೇಳಿದ್ದು ಸಂದರ್ಭವನ್ನಲ್ಲದೆ ಮತ್ತೇನನ್ನು? ಇಷ್ಟು ವರ್ಷ ತಾವು ಬರೆಸಿದ್ದ ‘ಸಂದರ್ಭ’ವೆಂದರೆ “ಈ ಮಾತನ್ನು ಇಂಥವರು ಇಂಥವರಿಗೆ ಹೇಳಿದರು” ಎಂಬ ಒಂದೂವರೆ ಸಾಲು. ಉಪ್ಪು ಯಾವಾಗ, ಕುದುರೆ ಯಾವಾಗ ಎಂದು ಬಲ್ಲ ತಮಗೆ, ಊಟದ ಹೊತ್ತು ಯುದ್ಧದ ಹೊತ್ತು ಎರಡೂ ಒಂದೇ ಗಳಿಗೆಯಲ್ಲಿ ಒಂದು ಹೆಣ್ಣಿನ ಮನೆಯ ಬಾಗಿಲಿಗೆ ಬಂದು ನಿಂತುದು ಕಾಣಿಸಿರಲಿಲ್ಲ. ಒನಕೆಯೆಂಬ ಶಬ್ದಕ್ಕೇ ಅಂದು ಅರ್ಥ ಬದಲಾಯಿತು. ಅದನ್ನು ಹಿಡಿದವಳಿಗೆ ಅರ್ಥವನ್ನು ಹೇಳಿಕೊಡಲು ಯಾರೂ ಇರಲಿಲ್ಲ. ಗಂಡನು ಊಟದ ಮುಂದಿದ್ದನು.

ಮರುವಾರದ ಭಾನುವಾರ ಪಂಡಿತರು ಇಡೀ ತರಗತಿಯನ್ನು ಕೋಟೆಗೆ ಕರೆದೊಯ್ದರು. ಶಾಲೆಯ ಕಿಟಕಿಯಿಂದ ಪ್ರತಿದಿನ ಕಾಣುವ ಬೆಟ್ಟಕ್ಕೆ ಪಾಠದ ನಿಮಿತ್ತ ಏರಿದ್ದು ಅದೇ ಮೊದಲು. ಪುಸ್ತಕ, ಪೆನ್ಸಿಲು, ಬುತ್ತಿ ಇಷ್ಟೇ ತರಬೇಕೆಂದೂ ಪಂಡಿತರು ಏನನ್ನೂ ಬರೆಸುವುದಿಲ್ಲವೆಂದೂ ಮೊದಲೇ ತಿಳಿಸಲಾಗಿತ್ತು. ಬರೆಸದ ಪಂಡಿತರನ್ನು ಕಂಡು ಮಕ್ಕಳಿಗೆ ಮೊದಲು ದಿಕ್ಕು ತೋಚಲಿಲ್ಲ.

ಏಳುಸುತ್ತಿನ ಕೋಟೆಯೆಂದು ಹೆಸರಾದ ಆ ಬೆಟ್ಟದ ಬಲವು ಕಲ್ಲಿನಲ್ಲಿ ಎಷ್ಟಿದೆಯೋ ನೀರಿನಲ್ಲಿಯೂ ಅಷ್ಟೇ ಇದೆ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಕೆಳಗೆ ಊರೊಳಗೆ ಸಿಹಿನೀರು ಹೊಂಡ, ಸಂತೆಹೊಂಡ. ಬಂಡೆಗಳ ಮೇಲೆ ಬಿದ್ದ ಮಳೆಯು ಮೇಲಿನ ಹೊಂಡವನ್ನು ತುಂಬಿ, ಉಕ್ಕಿ, ಕೆಳಗಿನದಕ್ಕೆ ಇಳಿಯುವಂತೆ ಹಿಂದಿನವರು ಕಟ್ಟಿದ್ದಾರೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ದೀರ್ಘ ಮುತ್ತಿಗೆಯನ್ನು ತಡೆದುಕೊಂಡದ್ದು ಕತ್ತಿಯ ಬಲವೊಂದರಿಂದಲೇ ಅಲ್ಲ. ಇದನ್ನು ಕಂಡ ಮೇಲೆ, ಕೊಡ ಹಿಡಿದು ಹೊರಟ ಹೆಣ್ಣಿನ ಕೆಲಸವು ಕಥೆಯ ಹೊರಗಿನ ಸಣ್ಣ ಸಂಗತಿಯೆಂದು ಹೇಳಲು ಪಂಡಿತರ ನಾಲಗೆ ಏಳಲಿಲ್ಲ.

ಓಬವ್ವನ ಕಿಂಡಿಯ ಬಳಿಯಲ್ಲಿಯೇ ತಣ್ಣೀರು ದೋಣಿಯೆಂಬ ಸಣ್ಣ ನೀರಿನ ತಾಣವಿದೆ. ಮಕ್ಕಳು ಒಬ್ಬರ ಹಿಂದೊಬ್ಬರಾಗಿ ಕಿಂಡಿಯಲ್ಲಿ ನುಸುಳಿ ನೋಡಿದರು. ನೆಟ್ಟಗೆ ನಿಂತು ಬರಲಾಗದು. ಬಗ್ಗಿ, ತಲೆಯನ್ನು ಮೊದಲು ಒಡ್ಡಿಯೇ ಬರಬೇಕು. ಆಗ ಹೊಳಲ್ಕೆರೆ ಕಡೆಯ ಹಳ್ಳಿಯ ಹುಡುಗನೊಬ್ಬನು ಅಂಜುತ್ತ ಒಂದು ಮಾತನ್ನು ಹೇಳಿದನು. ಅವನ ಅಜ್ಜಿ ಇಂದಿಗೂ ಹಬ್ಬಕ್ಕೆ ಒರಳಿನಲ್ಲಿ ಕುಟ್ಟುತ್ತಾಳಂತೆ. ಒನಕೆಯನ್ನು ಗದೆಯಂತೆ ಬೀಸಲಾಗದು. ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ನೆಟ್ಟಗೆ ಕೆಳಗೆ ಬಿಡಬೇಕು, ಅದರ ತೂಕವೇ ಕೆಲಸ ಮಾಡುತ್ತದೆ. “ಚಿತ್ರದಲ್ಲಿ ಬೀಸುವ ಹಾಗೆ ಬರೆದಿರ್ತಾರೆ ಗುರುಗಳೇ. ಬಗ್ಗಿ ಬರೋರ ತಲೆ ಮೇಲೆ ಆದರೆ ಕುಟ್ಟಿದ ಹಾಗೇ ಹಾಕಬಹುದು. ಅದನ್ನ ಯಾರೂ ಕಲಿಸಬೇಕಾಗಿಲ್ಲ.”

ಪಂಡಿತರು ತಲೆದೂಗಿದರು. ಯುದ್ಧವಿದ್ಯೆಯನ್ನು ಎಂದೂ ಅಭ್ಯಸಿಸದ ಹೆಣ್ಣು ಅಷ್ಟು ಹೊತ್ತು ದಣಿಯದೆ, ಗುರಿ ತಪ್ಪದೆ ನಿಂತುದು ಹೇಗೆಂಬುದಕ್ಕೆ ‘ಶೌರ್ಯ’ವೆಂಬ ಒಂದೇ ಪದದಿಂದ ಉತ್ತರ ದೊರೆಯುವುದಿಲ್ಲ. ವರ್ಷಾನುವರ್ಷ ಕುಟ್ಟಿದ ತೋಳು ಅದು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕೊಟ್ಟಣದ ಸೋಮಮ್ಮನೆಂಬವಳಿದ್ದಳು. ಭತ್ತ ಕುಟ್ಟುವ ಕಾಯಕವೇ ಆಕೆಯ ಹೆಸರಾಯಿತು. ಕೈಯ ಕೆಲಸವೇ ವ್ಯಕ್ತಿಯ ಪರಿಚಯವಾಗುವ ಈ ಪರಂಪರೆಯಲ್ಲಿ ಒನಕೆ ಓಬವ್ವನೂ ನಿಲ್ಲುತ್ತಾಳೆ. ಆಕೆ ಛಲವಾದಿ ಸಮುದಾಯದವಳೆಂದು ಪರಂಪರೆ ಹೇಳುತ್ತದೆ. ಪಂಡಿತರ ಹಳೆಯ ಟಿಪ್ಪಣಿಯಲ್ಲಿ ಇದೂ ಇರಲಿಲ್ಲ. ಕೋಟೆಯೊಳಗೆ ಯಾರ ಮನೆ ಅರಮನೆಗೆ ಹತ್ತಿರ, ಯಾರ ಮನೆ ಕಿಂಡಿಗೆ ಹತ್ತಿರ ಎಂಬುದೂ ಸಂದರ್ಭವೇ ಎಂದು ಅವರು ಅಂದು ಮಕ್ಕಳಿಗೆ ಹೇಳಿದರು.

ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿ, “ಇದೆಲ್ಲ ನಿಜವಾಗಿ ನಡೆದದ್ದೇ?” ಎಂದು ಕೇಳಿದನು. ಪ್ರಶ್ನೆ ಕಠಿಣವಾದದ್ದು, ಪಂಡಿತರು ಅದನ್ನು ತಪ್ಪಿಸಿಕೊಳ್ಳಲಿಲ್ಲ. ಟಿಪ್ಪಣಿ ಬರೆಯುವವನು ಏನು ಹೇಳಲಾಗಿದೆ ಎಂಬುದರ ಜೊತೆಗೆ ಯಾರು ಹೇಳಿದರು ಎಂಬುದನ್ನೂ ಗುರುತಿಸಬೇಕೆಂದರು. ದುರ್ಗದ ಪಾಳೆಯಗಾರರ ಚರಿತ್ರೆಯನ್ನು ಎಂ. ಎಸ್. ಪುಟ್ಟಣ್ಣನವರು ಬರೆದರು, ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ತಿರುಗಿ ಸಾಮಗ್ರಿಯನ್ನು ಕೂಡಿಸಿದರು. ತ. ರಾ. ಸುಬ್ಬರಾಯರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಮೊದಲುಗೊಂಡು 1982ರ ‘ದುರ್ಗಾಸ್ತಮಾನ’ದವರೆಗೆ ಈ ಕೋಟೆಯನ್ನು ಕಾದಂಬರಿಗಳಲ್ಲಿ ಮತ್ತೆ ಕಟ್ಟಿದರು. ಅವರು 1984ರಲ್ಲಿ ತೀರಿಕೊಂಡ ಮೇಲೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ‘ದುರ್ಗಾಸ್ತಮಾನ’ಕ್ಕೆ ಬಂದಿತು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಲನಚಿತ್ರವು ಓಬವ್ವನನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿತು. ಚರಿತ್ರೆ, ಕಾದಂಬರಿ, ಚಲನಚಿತ್ರ, ಅಜ್ಜಿಯ ಮಾತು ಇವು ನಾಲ್ಕು ಬೇರೆ ಬೇರೆ ಸಾಕ್ಷಿಗಳು. ಒಂದರ ಮಾತನ್ನು ಮತ್ತೊಂದರ ಬಾಯಿಗೆ ಹಾಕಬಾರದು. “ಜನ ನೆನೆದದ್ದು ಇದು ಎಂದು ಬರೆಯಿರಿ. ಜನ ಇನ್ನೂರು ವರ್ಷ ಒಬ್ಬ ಕಾವಲುಗಾರನ ಹೆಂಡತಿಯನ್ನು ನೆನೆದದ್ದು ನಿಜ. ಅದು ಸಣ್ಣ ಸತ್ಯವಲ್ಲ” ಎಂದರು.

ಮದಕರಿ ನಾಯಕನ ಪಾತ್ರವನ್ನು ಕುರಿತು ಮಾತು ಹೊರಳಿದಾಗ ಹೊಸದುರ್ಗದ ಹುಡುಗರಿಗೆ ಉತ್ಸಾಹವುಕ್ಕಿತು. ಕೊನೆಯ ನಾಯಕನು ಬಂದದ್ದು ಅವರ ಕಡೆಯ ಜಾನಕಲ್ಲಿನಿಂದ. 1754ರಲ್ಲಿ ಹನ್ನೆರಡರ ಹರೆಯದ ಬಾಲಕನನ್ನು ತಂದು ಪಟ್ಟಕ್ಕೆ ಕೂರಿಸಿದರು. ಹಳೆಯ ಟಿಪ್ಪಣಿಯಲ್ಲಿ ಅವನು “ಧೀರ, ಉದಾರಿ, ದುರದೃಷ್ಟವಂತ”. ಕಲ್ಲಿನ ಮೇಲೆ ಕುಳಿತ ಪಂಡಿತರು ಈಗ ಸಂದರ್ಭವನ್ನು ಬಿಡಿಸಿದರು. ಒಂದು ಕಡೆ ಪುಣೆಯ ಪೇಶ್ವೆಗಳು, ಇನ್ನೊಂದು ಕಡೆ ಶ್ರೀರಂಗಪಟ್ಟಣದ ಹೈದರಾಲಿ. ನಡುವೆ ಈ ಬೆಟ್ಟ. ಯಾರೊಡನೆ ಕೂಡಿದರೂ ಮತ್ತೊಬ್ಬರಿಗೆ ದ್ರೋಹಿ. 1770ರಲ್ಲಿ ಪೇಶ್ವೆ ಮಾಧವರಾಯನು ನಿಜಗಲ್ಲನ್ನು ಮುತ್ತಿದಾಗ ಗೋಡೆಯೇರಿ ಕೋಟೆಯನ್ನು ಹಿಡಿದುಕೊಟ್ಟವರು ದುರ್ಗದ ಬೇಡರು. ನಿಜಗಲ್ಲಿನೊಳಗೆ ಇದ್ದುದು ಹೈದರನ ಪಡೆ. 1777ರಲ್ಲಿ ಹೈದರನು ದುರ್ಗವನ್ನು ಮುತ್ತಿ, ಮರಾಠರ ಸೈನ್ಯ ಸಮೀಪಿಸಿತೆಂದು ಮುತ್ತಿಗೆಯನ್ನು ತೆರವು ಮಾಡಿದನು. 1779ರಲ್ಲಿ ಮತ್ತೆ ಬಂದನು. ಈ ಬಾರಿ ಕೋಟೆ ಬಿದ್ದಿತು. ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು.

“ಹಾಗಾದರೆ ಓಬವ್ವ ಉಳಿಸಿದ ಕೋಟೆ ಕಡೆಗೂ ಹೋಯಿತಲ್ಲ?” ಎಂದಳೊಬ್ಬಳು.

“ಹೋಯಿತು. ಪಾತ್ರವನ್ನು ಅಳೆಯುವಾಗ ಕಥೆಯ ಕೊನೆಯಿಂದ ಅಳೆಯಬಾರದು. ಅವಳಿಗೆ 1779 ಗೊತ್ತಿರಲಿಲ್ಲ; ಆ ಮಧ್ಯಾಹ್ನ ಮಾತ್ರ ಗೊತ್ತಿತ್ತು.”

ಅಂದಿನ ಪಾಠದಲ್ಲಿ ಅತ್ಯಂತ ಕಷ್ಟದ ಭಾಗ ಇನ್ನೂ ಉಳಿದಿತ್ತು. ಪಂಡಿತರ ಟಿಪ್ಪಣಿಯಲ್ಲಿ ಕಿಂಡಿಯಿಂದ ಬಂದವರಿಗೆ ಇದ್ದ ಪದ “ಕ್ರೂರಿಗಳಾದ ಶತ್ರುಗಳು” ಎಂಬುದಷ್ಟೆ. ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳು ಆ ಪದವನ್ನು ಹಲ್ಲು ಕಚ್ಚಿ ಹೇಳುವುದನ್ನು ಅವರು ಕಂಡಿದ್ದರು. ಕೆಲವರು ಆ ಕೋಪವನ್ನು ವೇದಿಕೆಯಿಂದ ಇಳಿಸಿಕೊಂಡು ಬೀದಿಗೂ ಕೊಂಡೊಯ್ಯುವುದನ್ನೂ, ಎರಡು ಅರಸೊತ್ತಿಗೆಗಳ ಜಗಳವನ್ನು ಇಂದಿನ ನೆರೆಹೊರೆಯವರ ತಲೆಗೆ ಕಟ್ಟುವುದನ್ನೂ ಕಂಡಿದ್ದರು. ತಮ್ಮ ಟಿಪ್ಪಣಿಯ ಒಂದು ವಿಶೇಷಣಕ್ಕೂ ಅದರಲ್ಲಿ ಪಾಲಿದೆಯೆಂಬ ಅಳುಕು ಅವರನ್ನು ಕಾಡಿತು.

ಅವರು ರನ್ನನನ್ನು ನೆನೆದರು. ‘ಗದಾಯುದ್ಧ’ವನ್ನು ಬರೆದ ರನ್ನನು ಚಾಲುಕ್ಯರ ಆಸ್ಥಾನಕವಿ. ಒಡೆಯನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕಾವ್ಯವನ್ನು ಕಟ್ಟಿದವನು. ಆದರೂ ಭೀಮನ ವೈರಿಯಾದ ದುರ್ಯೋಧನನನ್ನು ರಣರಂಗದಲ್ಲಿ ನಡೆಸುವಾಗ ಕವಿಯ ಕರುಳು ಅವನೊಡನೆ ನಡೆಯುತ್ತದೆ. ದ್ರೋಣ, ದುಶ್ಶಾಸನ, ಕರ್ಣ, ಮಗನಾದ ಲಕ್ಷಣಕುಮಾರ, ಹೀಗೆ ತನ್ನವರ ಹೆಣಗಳನ್ನು ದಾಟುತ್ತಿರುವವನು ಅಭಿಮನ್ಯುವಿನ ಎದುರಿಗೂ ನಿಲ್ಲುತ್ತಾನೆ. ಶತ್ರುವಿನ ಮಗನೆಂದು ಮುಖ ತಿರುಗಿಸುವುದಿಲ್ಲ. ಅಂಥ ವೀರಮರಣ ತನಗೂ ಬರಲೆಂದು ಹಾರೈಸುತ್ತಾನೆ. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ರುದ್ರನಾಟಕವನ್ನಾಗಿಸುವುದು ಸಾಧ್ಯವಾದದ್ದು ರನ್ನನಲ್ಲಿಯೇ ಇದ್ದ ಈ ದೃಷ್ಟಿಯಿಂದ. ಆಸ್ಥಾನದ ಅನ್ನವನ್ನುಂಡ ಕವಿಗೆ ಸಾಧ್ಯವಾದದ್ದು ಶಾಲೆಯ ಟಿಪ್ಪಣಿಗೆ ಏಕೆ ಸಾಧ್ಯವಾಗಬಾರದು?

ಪಂಡಿತರು ಇನ್ನೊಂದು ಸಂಗತಿಯನ್ನು ತಿಳಿಸಿದರು. ಕೋಟೆ ಬಿದ್ದ ಮೇಲೆ ಹೈದರನು ದುರ್ಗದ ಬೇಡರನ್ನು ಸಹಸ್ರ ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ, ಅವರ ಹುಡುಗರನ್ನು ಆರಿಸಿ ‘ಚೇಲಾ’ ಎಂಬ ಪಡೆಗಳನ್ನು ಕಟ್ಟಿದನೆಂದೂ ಚರಿತ್ರಕಾರರು ಬರೆದಿದ್ದಾರೆ. ಎಂದರೆ, ಯಾವ ಸೈನ್ಯದಿಂದ ಓಬವ್ವ ಕಿಂಡಿಯನ್ನು ಕಾಯ್ದಳೋ ಅದೇ ಸೈನ್ಯದಲ್ಲಿ ಕೆಲವೇ ವರ್ಷಗಳಲ್ಲಿ ದುರ್ಗದ ಮಕ್ಕಳೇ ಬಂದೂಕು ಹಿಡಿದು ನಿಂತರು. ಬೇರೊಂದು ಕೋಟೆಯ ಕಿಂಡಿಯಲ್ಲಿ ತಲೆಯೊಡ್ಡಿದವನು ಯಾವ ತಾಯಿಯ ಮಗನೆಂದು ಹೇಳಬಲ್ಲವರಾರು?

ಮಕ್ಕಳು ಬಹಳ ಹೊತ್ತು ಮಾತನಾಡಲಿಲ್ಲ. ಅಲ್ಲಿದ್ದವರಲ್ಲಿ ಅನೇಕರು ಆ ವಯಸ್ಸಿನವರೇ. ಪಂಡಿತರು ತಮ್ಮ ಹಳೆಯ ಟಿಪ್ಪಣಿಯ ಪುಸ್ತಕವನ್ನು ತೆರೆದು, ಎಲ್ಲರೂ ನೋಡುತ್ತಿರುವಂತೆಯೇ “ಕ್ರೂರಿಗಳಾದ” ಎಂಬ ಪದವನ್ನು ಹೊಡೆದುಹಾಕಿ “ಅಪ್ಪಣೆಯ ಮೇರೆಗೆ ಬಂದ” ಎಂದು ತಿದ್ದಿದರು. ಓಬವ್ವನ ಹಿರಿಮೆಗೆ ಇದರಿಂದ ಕುಂದು ಬರುವುದೇ ಎಂದು ಒಬ್ಬನು ಕೇಳಿದನು. ರಾಕ್ಷಸರನ್ನು ಕೊಂದವಳ ಭಾರಕ್ಕಿಂತ ಮನುಷ್ಯರನ್ನು ಕೊಲ್ಲಬೇಕಾಗಿ ಬಂದವಳ ಭಾರ ಹೆಚ್ಚಿನದು. ಅದನ್ನು ಹೊತ್ತವಳೆಂದೇ ಆಕೆ ಹಿರಿಯಳು ಎಂದು ಉತ್ತರ ಬಂದಿತು.

ಶಾಲೆಗೆ ಮರಳಿದ ಮೇಲೆ ಪಂಡಿತರು ಹಿರಿಯೂರಿನ ಹುಡುಗಿಯ ಉತ್ತರಪತ್ರಿಕೆಯನ್ನು ತರಿಸಿಕೊಂಡು ‘ವಿಷಯಾಂತರ’ವೆಂಬ ಮಾತನ್ನು ಹೊಡೆದು ಮೂರು ಅಂಕಗಳನ್ನು ಕೊಟ್ಟರು. ನಾಲ್ಕನೆಯದನ್ನು ಕೊಡಲಿಲ್ಲ, ಕಾಗುಣಿತದ ತಪ್ಪುಗಳಿದ್ದವು. ಪಬ್ಲಿಕ್ ಪರೀಕ್ಷೆಯ ಮೌಲ್ಯಮಾಪಕರು ಗುಣಗಳ ಪಟ್ಟಿಯನ್ನೇ ನಿರೀಕ್ಷಿಸುವರೆಂಬುದನ್ನು ಮಕ್ಕಳಿಂದ ಮರೆಮಾಚಲೂ ಇಲ್ಲ. ಬಡವರ ಮಕ್ಕಳಿಗೆ ಅಂಕಗಳೂ ಬೇಕು. ಆದುದರಿಂದ ಅಂದಿನಿಂದ ಅವರ ತರಗತಿಯಲ್ಲಿ ಟಿಪ್ಪಣಿ ಪುಸ್ತಕಕ್ಕೆ ಹೊಸ ಕ್ರಮವೊಂದು ಬಂದಿತು. ಎಡಪುಟದಲ್ಲಿ ಪಂಡಿತರು ಬರೆಸಿದ್ದು, ಬಲಪುಟ ಖಾಲಿ. ಆ ಪುಟವನ್ನು ವಿದ್ಯಾರ್ಥಿಯೇ ತುಂಬಬೇಕು. ಯುದ್ಧ ಬರುವ ಮೊದಲು ಈ ಪಾತ್ರದ ಕೈಯಲ್ಲಿ ಏನಿತ್ತು? ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿದ್ದರು? ಎದುರಿಗೆ ಬಂದವನನ್ನು ಯಾರು ಕಳುಹಿಸಿದರು? ಇದನ್ನು ನಮಗೆ ಹೇಳುತ್ತಿರುವವರು ಯಾರು? ಈ ನಾಲ್ಕು ಪ್ರಶ್ನೆಗಳಿಗೆ ಅಂಕಗಳಿರಲಿಲ್ಲ. ಎಷ್ಟೋ ಬಲಪುಟಗಳು ಖಾಲಿಯಾಗಿಯೇ ಉಳಿದವು. ಆದರೆ ತುಂಬಿದ ಪುಟಗಳನ್ನು ಪಂಡಿತರು ನಿವೃತ್ತಿಯವರೆಗೂ ಕಾಪಾಡಿದರು.

ಅವರ ಸ್ವಂತ ಪುಸ್ತಕದಲ್ಲಿಯೂ ಓಬವ್ವನ ಎದುರಿನ ಬಲಪುಟವೊಂದಿತ್ತು. ತಣ್ಣೀರು ದೋಣಿ ಎಲ್ಲಿದೆ, ಕಿಂಡಿ ಎಷ್ಟು ಇಕ್ಕಟ್ಟು, ಒನಕೆಯನ್ನು ಹಿಡಿಯುವ ಬಗೆ ಯಾವುದು ಎಂಬುದೆಲ್ಲವನ್ನೂ ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಎಲ್ಲಕ್ಕೂ ಕೆಳಗೆ, ಬೇರೆ ಶಾಯಿಯಲ್ಲಿ, ಒಂದು ಸಾಲು: “ಕೊಡವನ್ನು ಎಲ್ಲಿ ಇಳಿಸಿದಳೆಂಬುದು ತಿಳಿಯದು. ಕೇಳಿದವಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ.”